ಸೌದೆ ತರಬಾರದ ಕಾಡು

ಬೆಳಿಗ್ಗೆ ಎಂಟೂವರೆ. ಥರ್ಮನ್ ಸ್ಟ್ರೀಟ್ ಸೇತುವೆಯ ಅಡಿಯಲ್ಲಿ ಹನ್ನೊಂದು ಮಂದಿ ನಿಂತಿದ್ದೇವೆ. ತಲೆಯ ಮೇಲೆ, ಕತ್ತು ನೋಯುವಷ್ಟು ಎತ್ತರದಲ್ಲಿ, 1905ರಲ್ಲಿ ಕಟ್ಟಿದ ಉಕ್ಕಿನ ಸೇತುವೆ. ಪಕ್ಕದಲ್ಲಿ ಬಾಲ್ಚ್ ತೊರೆ ಕೆಸರು ಬಣ್ಣ ತಾಳಿ ಹರಿಯುತ್ತಿದೆ. ಸೋನೆ ಮಳೆ. ಮಲೆನಾಡಿನ ನಮ್ಮ ಸಾಗರದ ಆಷಾಢವನ್ನೇ ತಂದು ಫ್ರಿಜ್ಜಿನಲ್ಲಿಟ್ಟ ಹಾಗಿದೆ ಹವೆ. ಕಾಲಿಗೆ ಉಂಬಳ ಹತ್ತುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಇದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್. 2024ರ ಫೆಬ್ರವರಿಯ ಒಂದು ಶನಿವಾರ. ಕಾಫಿ ಅಂಗಡಿ, ಬೇಕರಿ, ಸಾಲು ಮನೆಗಳು ಮುಗಿದ ಕಡೆಯಿಂದಲೇ ಕಾಡು ಶುರುವಾಗುತ್ತದೆ. ಅಂಥಿಂಥ ಕಾಡಲ್ಲ, 5,200 ಎಕರೆ. ಹೆಸರು ಮಾತ್ರ ಫಾರೆಸ್ಟ್ ಪಾರ್ಕ್. ಒಳಗೆ 80 ಮೈಲಿಯಷ್ಟು ಕಾಲುದಾರಿಗಳಿವೆ, ಅವುಗಳಲ್ಲಿ ವೈಲ್ಡ್‌ವುಡ್ ಎಂಬುದೊಂದೇ 30 ಮೈಲಿ. ಮೂರು ವಾರದ ಹಿಂದೆ ಹಿಮಗಟ್ಟುವ ಮಳೆ ಬಂದು ಈ ದಾರಿಗಳ ಮೇಲೆಲ್ಲ ಮರ, ಕೊಂಬೆ, ರೆಂಬೆ ಉರುಳಿ ಬಿದ್ದಿವೆ. ಅವನ್ನು ಬಿಡಿಸಲು ಊರಿನ ಜನ ರಜೆಯ ದಿನ ಬರುತ್ತಾರೆ. ನನ್ನ ಅಕ್ಕನ ಮಗ ಹಿಲ್ಸ್‌ಬರೋದಲ್ಲಿ ಎಂಜಿನಿಯರು. ಇಂಟೆಲ್ ದೆಸೆಯಿಂದ ಆ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ. ಅವನು ಹೋಗುತ್ತೇನೆಂದ, ಮನೆಯಲ್ಲಿ ಕೂತು ಬೇಸತ್ತಿದ್ದ ನಾನೂ ಹೊರಟೆ.

"ಮಾವ, ನಿಮಗೆ ಅರವತ್ತಾಯ್ತು, ಸುಮ್ನೆ ಫೋಟೋ ತೆಗೀರಿ ಸಾಕು" ಎಂದಿದ್ದ.

"ಕತ್ತಿ ಹಿಡಿದು ಬೆಳೆದವನೋ ನಾನು. ನೀನು ನೋಡ್ಕೊ" ಎಂದಿದ್ದೆ. ಆ ಮಾತಿಗೆ ಮಧ್ಯಾಹ್ನದೊಳಗೇ ತಕ್ಕ ಶಾಸ್ತಿಯಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಹಿಮಗಟ್ಟುವ ಮಳೆ ಎಂದರೆ ನಮ್ಮವರು ಆಲಿಕಲ್ಲು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಲಿಕಲ್ಲು ಮೋಡದಲ್ಲೇ ಗಟ್ಟಿಯಾಗಿ, ಟಪಟಪ ಬಿದ್ದು, ಹೆಂಚು ಒಡೆದು, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಇದು ಸದ್ದಿಲ್ಲದೆ ಬರುವ ಮಳೆ. ಮೇಲೆ ಬೆಚ್ಚನೆಯ ಗಾಳಿಯ ಪದರ, ಕೆಳಗೆ ನೆಲಕ್ಕಂಟಿ ಸೊನ್ನೆಗಿಂತ ಕಡಿಮೆ ಉಷ್ಣಾಂಶದ ತೆಳು ಪದರ. ಮೇಲಿನಿಂದ ಬಂದ ಹಿಮ ಬೆಚ್ಚನೆಯ ಪದರದಲ್ಲಿ ಕರಗಿ ಹನಿಯಾಗುತ್ತದೆ. ಕೆಳಗಿನ ಶೀತದಲ್ಲಿ ಮತ್ತೆ ಗಟ್ಟಿಯಾಗುವಷ್ಟು ಹೊತ್ತು ಅದಕ್ಕೆ ಸಿಗುವುದಿಲ್ಲ. ಸೊನ್ನೆಗಿಂತ ತಣ್ಣಗಿದ್ದೂ ನೀರಾಗಿಯೇ ಇಳಿಯುತ್ತದೆ. ಎಲೆ, ತಂತಿ, ಮೆಟ್ಟಿಲು, ಕಾರಿನ ಗಾಜು, ಏನನ್ನು ಮುಟ್ಟಿತೋ ಅಲ್ಲೇ ಹಿಮದ ಲೇಪವಾಗಿ ಕೂರುತ್ತದೆ. ಹನಿಯ ಮೇಲೆ ಹನಿ, ಲೇಪದ ಮೇಲೆ ಲೇಪ. ಬತ್ತಿಯನ್ನು ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ತೆಗೆದು ಮೇಣದಬತ್ತಿ ಮಾಡುತ್ತಾರಲ್ಲ, ಅದೇ ರೀತಿ. ಕಾಲು ಅಂಗುಲ ದಪ್ಪವಾದರೂ ಸಾಕು, ಕೊಂಬೆಗಳು ಮುರಿಯಲು ಶುರುವಾಗುತ್ತವೆ.

ಪೋರ್ಟ್‌ಲೆಂಡಿಗೆ ಈ ಗ್ರಹಚಾರ ತರುವುದು ಕೊಲಂಬಿಯಾ ನದಿಯ ಕಣಿವೆ. ಕ್ಯಾಸ್ಕೇಡ್ ಪರ್ವತಸಾಲನ್ನು ಬಹುಮಟ್ಟಿಗೆ ಸಮುದ್ರಮಟ್ಟದಲ್ಲೇ ಸೀಳಿಕೊಂಡು ಬರುವ ಕಂಡಿ ಅದು. ನಮ್ಮ ಸಹ್ಯಾದ್ರಿಗೆ ಪಾಲಕ್ಕಾಡಿನ ಕಂಡಿ ಇದ್ದಂತೆ. ಚಳಿಗಾಲದಲ್ಲಿ ಪೂರ್ವದ ಒಣ ಬಯಲಿನ ಶೀತಗಾಳಿ ಆ ಕಂಡಿಯಲ್ಲಿ ನುಗ್ಗಿ ಬಂದು ಊರಿನ ಮೇಲೆ ಹಾಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಪೆಸಿಫಿಕ್ ಕಡೆಯಿಂದ ಬೆಚ್ಚಗಿನ ಮಳೆಮೋಡ ಬಂದರೆ ಮೇಲೆ ಬಿಸಿ, ಕೆಳಗೆ ತಣ್ಣಗೆ ಎನ್ನುವ ಆ ಅಪರೂಪದ ಜೋಡಿ ಕೂಡುತ್ತದೆ. ಇಲ್ಲಿಯ ಹಳಬರು ಇದನ್ನು 'ಸಿಲ್ವರ್ ಥಾ' ಎನ್ನುತ್ತಾರೆ. ಊರೆಲ್ಲ ಬೆಳ್ಳಿ ರೇಕು ಹೊದಿಸಿದಂತೆ ಹೊಳೆಯುತ್ತದೆಂದು ಇಟ್ಟ ಹೆಸರಿರಬೇಕು. ಕಿಟಕಿಯ ಒಳಗೆ ಕೂತವರಿಗೆ ಒಪ್ಪುವ ಹೆಸರು.

ಜನವರಿ 13ರ ಶನಿವಾರ ಮೊದಲು ಗಾಳಿ ಬಂತು, ಎಲುಬು ಕೊರೆಯುವ ಚಳಿ ಬಂತು. 16ರಂದು ಈ ಮಳೆ. ದಕ್ಷಿಣದ ಯೂಜೀನ್, ಸ್ಪ್ರಿಂಗ್‌ಫೀಲ್ಡ್ ಕಡೆ ಇನ್ನೂ ಜೋರು. ಆ ರಾತ್ರಿ ಅಳಿಯನ ಮನೆಯಲ್ಲಿ ಕರೆಂಟು ಹೋಗಿ, ಮೂರು ಕಂಬಳಿ ಹೊದ್ದು ಮಲಗಿದ್ದೆ. ಹೊರಗೆ ಠಪ್ ಎಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮದುವೆ ಮನೆಯ ಗರ್ನಾಲು ಸಿಡಿದಂತೆ. ಪ್ರತಿ ಸದ್ದಿನ ಹಿಂದೆಯೇ ಗಾಜಿನ ಬಳೆಯ ಬುಟ್ಟಿ ಮಗುಚಿದಂತೆ ಛಿಲ್ ಎಂದು ಉದ್ದನೆಯ ಸದ್ದು. ಕೊಂಬೆ ಮುರಿಯುವುದು, ಅದರ ಮೇಲಿನ ಹಿಮ ಚೂರಾಗಿ ನೆಲಕ್ಕೆ ಸುರಿಯುವುದು. ಬೆಳಗಾಗುವವರೆಗೆ ಅದೇ.

ಈಗ ಸೇತುವೆಯ ಕೆಳಗೆ ನಮ್ಮ ಮುಂದಾಳು ಸಾಮಾನು ಹಂಚುತ್ತಿದ್ದಾಳೆ. ನನ್ನದೇ ವಯಸ್ಸಿನ, ಬೆಳ್ಳಿಗೂದಲನ್ನು ಎರಡು ಜಡೆ ಹಾಕಿಕೊಂಡ ಗಟ್ಟಿಗಿತ್ತಿ. ಎಲ್ಲರಿಗೂ ಹೆಲ್ಮೆಟ್ಟು, ಕೈಗವಸು. ಕೆಲವರಿಗೆ ಉದ್ದ ಹಿಡಿಯ ಕತ್ತರಿ, ಕೆಲವರಿಗೆ ಮಡಚುವ ಗರಗಸ, ಇಬ್ಬರಿಗೆ ದೋಟಿಯ ತುದಿಗೆ ಗರಗಸ ಕಟ್ಟಿದಂಥ ಸಾಧನ. ನನ್ನ ಪಾಲಿಗೆ ಬಂದದ್ದು ಪುಲಾಸ್ಕಿ: ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. ನಮ್ಮ ಪಿಕಾಸಿಯ ದಾಯಾದಿ. ಹೆಸರೂ ಪ್ರಾಸಕ್ಕೆ ಸರಿಯಾಗಿದೆ. 1910ರ ಭಾರೀ ಕಾಡ್ಗಿಚ್ಚಿನಲ್ಲಿ ಇಡಾಹೋದ ರೇಂಜರ್ ಎಡ್ ಪುಲಾಸ್ಕಿ ತನ್ನ ಆಳುಗಳನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಹೊರಗೆ ಹೋಗುವವನನ್ನು ಗುಂಡಿಕ್ಕುತ್ತೇನೆಂದು ಪಿಸ್ತೂಲು ಹಿಡಿದು ನಿಂತು, ಹೆಚ್ಚಿನವರ ಜೀವ ಉಳಿಸಿದ. ಈ ಸಾಧನಕ್ಕೆ ಅವನ ಹೆಸರೇ ನಿಂತಿದೆ. ಯಂತ್ರಗರಗಸ ಮಾತ್ರ ತರಬೇತಿ ಪಡೆದ ಇಬ್ಬರ ಕೈಯಲ್ಲಿ. ಉಳಿದವರು ಅದರ ಹತ್ತಿರ ಸುಳಿಯುವಂತಿಲ್ಲ.

"ನೆಲ ನೋಡುವ ಮೊದಲು ತಲೆ ಎತ್ತಿ ನೋಡಿ" ಎಂದಳು ಮುಂದಾಳು. ಮುರಿದು, ಕೆಳಗೆ ಬೀಳದೆ, ಮೇಲೆಲ್ಲೋ ಸಿಕ್ಕಿಕೊಂಡಿರುವ ಕೊಂಬೆಗೆ ಇಲ್ಲಿಯ ಮರಗೆಲಸದವರು 'ವಿಡೋಮೇಕರ್' ಎನ್ನುತ್ತಾರೆ, ವಿಧವೆ ಮಾಡುವಂಥದ್ದು. ಅಡಿಕೆ ಕೊಯ್ಯುವ ನಮ್ಮ ಕೊನೆಗೌಡರು ಮರ ಹತ್ತುವ ಮೊದಲು ಒಮ್ಮೆ ತಲೆ ಎತ್ತಿ ಅಡಿಕೆ ಮರದ ನೆತ್ತಿ ನೋಡುವುದು ನೆನಪಾಯಿತು. ಅವರು ಅದಕ್ಕೊಂದು ಹೆಸರಿಟ್ಟಿದ್ದು ನಾನು ಕೇಳಿಲ್ಲ. ಹೆಸರು ಹಿಡಿದು ಕರೆದರೆ ಬಂದೀತೆಂಬ ಭಯವೋ ಏನೋ.

ತೊರೆಯ ದಂಡೆ ಹಿಡಿದು ಹೊರಟೆವು. ತೊರೆಗೆ ಹೆಸರು ಕೊಟ್ಟ ಡ್ಯಾನ್‌ಫರ್ಡ್ ಬಾಲ್ಚ್ ಈ ಜಾಗದ ಮೊದಲ ಬಿಳಿಯ ಒಡೆಯರಲ್ಲೊಬ್ಬ. ಮಗಳು ತನ್ನ ಮಾತು ಮೀರಿ ಮದುವೆಯಾದಳೆಂದು ಅಳಿಯನಿಗೆ ಗುಂಡಿಟ್ಟು, 1859ರಲ್ಲಿ ನೇಣಿಗೇರಿದ. ಮುಂದಾಳು ಈ ಕಥೆ ಹೇಳುವಾಗ ನಾನೂ ಅಳಿಯನೂ ಮುಖ ಮುಖ ನೋಡಿಕೊಂಡೆವು. ಮುಂದೆ ಡೊನಾಲ್ಡ್ ಮೆಕ್ಲೇ ಎಂಬ ವ್ಯಾಪಾರಿಯ ಕೈಗೆ ಬಂದ ಈ ಕಣಿವೆಯನ್ನು ಅವನು 1897ರಲ್ಲಿ ನಗರಕ್ಕೆ ದಾನ ಕೊಟ್ಟ. 1903ರಲ್ಲಿ ಉದ್ಯಾನ ವಿನ್ಯಾಸಕಾರರಾದ ಓಮ್‌ಸ್ಟೆಡ್ ಸಹೋದರರು ಈ ಗುಡ್ಡಗಳನ್ನೆಲ್ಲ ಉದ್ಯಾನ ಮಾಡಿ ಎಂದು ವರದಿ ಬರೆದರು. ಆದರೆ ಊರಿನವರು ಸೈಟು ಮಾಡಿ ಮಾರಲು ಹೊರಟರು, ರಸ್ತೆಯನ್ನೂ ಕಡಿದರು, ಗುಡ್ಡ ಕುಸಿದು ರಸ್ತೆ ಹಾಳಾಯಿತು. ಹೀಗೆ ಸೈಟುಗಳು ಸೋತ ಮೇಲೆ, 1948ರಲ್ಲಿ ಇದು ಪಾರ್ಕ್ ಆಯಿತು. ಮಣ್ಣು ಜಾರದಿದ್ದರೆ ಇಲ್ಲಿ ಕಾಡೇ ಇರುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದೆ. ಗಾಳಿ ಹೊತ್ತು ತಂದು ಹಾಸಿದ ನಯವಾದ ಹೂಳುಮಣ್ಣು, ಅಡಿಯಲ್ಲಿ ಬಸಾಲ್ಟ್ ಕಲ್ಲು. ಒದ್ದೆಯಾದರೆ ಬೆರಳಿಗೆ ಬೆಣ್ಣೆಯಂತೆ ಹತ್ತುತ್ತದೆ. ನಮ್ಮ ಜಂಬಿಟ್ಟಿಗೆಯ ಹಿಡಿತ ಇದಕ್ಕಿಲ್ಲ. ಚಳಿಗಾಲವಿಡೀ ನೀರು ಕುಡಿದ ಇಂಥ ಮಣ್ಣಿನಲ್ಲಿ ಬೇರು ಸಡಿಲವಾಗಿರುವಾಗ ತಲೆಯ ಮೇಲೆ ಹಿಮದ ಭಾರ ಬಿದ್ದರೆ, ಕೊಂಬೆಯಲ್ಲ, ಮರವೇ ಬುಡಸಮೇತ ಮಗುಚುತ್ತದೆ.

ಮೊದಲ ಅಡ್ಡಿ ಕಾಲು ಮೈಲಿಯೊಳಗೇ ಸಿಕ್ಕಿತು. ಬಿಗ್‌ಲೀಫ್ ಮೇಪಲ್ ಮರದ ಒಂದು ದೊಡ್ಡ ಟೊಂಗೆ, ದಾರಿಗೆ ಅಡ್ಡ ಮಲಗಿದೆ. ಚಳಿಗಾಲದಲ್ಲಿ ಈ ಮರದಲ್ಲಿ ಒಂದೆಲೆ ಇರುವುದಿಲ್ಲ. ಎಲೆ ಇಲ್ಲದ ಮರದ ಮೇಲೆ ಹಿಮ ಕೂರಲು ಜಾಗವೆಲ್ಲಿ ಎನ್ನಬಹುದು. ಟೊಂಗೆ ಮುಟ್ಟಿದರೆ ಗೊತ್ತಾಗುತ್ತದೆ. ಸುತ್ತಲೂ ಗೇಣು ದಪ್ಪದ ಪಾಚಿ, ಅದರೊಳಗೆ ಜರಿಗಿಡ, ಅದರ ಬೇರು, ಬೇರಿನ ನಡುವೆ ಕಪ್ಪು ಮಣ್ಣು. ಹಿಂಡಿದರೆ ಅಂಗೈ ತುಂಬ ನೀರು. ಮಳೆಗೆ ಮೊದಲೇ ಒದ್ದೆ ಕಂಬಳಿ ಹೊದ್ದು ನಿಂತ ಮರ ಇದು. ನಳಿನಿ ನಾಡಕರ್ಣಿ ಎಂಬ ವಿಜ್ಞಾನಿ (ಹೆಸರು ಕೇಳಿದರೆ ನಮ್ಮ ಕರಾವಳಿ ನೆನಪಾಗುತ್ತದೆ, ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ) ಪಕ್ಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಕಾಡಿನಲ್ಲಿ ಇದೇ ಜಾತಿಯ ಮರ ಹತ್ತಿ ಒಂದು ಸೋಜಿಗ ಕಂಡರು. ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು, ಆ ಪಾಚಿಯ ಮಣ್ಣಿನೊಳಗೆ ಇಳಿಸಿ, ಮೇಲೆಯೇ ಉಣ್ಣುತ್ತದೆ. 1981ರಲ್ಲಿ ಅದನ್ನು ಪ್ರಕಟಿಸಿದರು. ನೆಲಕ್ಕೆ ಬಿದ್ದ ಈ ಟೊಂಗೆಯ ಪಾಚಿಯನ್ನು ಬೆರಳಿನಿಂದ ಬಿಡಿಸಿ ನಾನೂ ಹುಡುಕಿದೆ. ಬಿಳಿ ಎಳೆಗಳು ಕಂಡವು. ಅದು ಮರದ ಬೇರೋ ಜರಿಗಿಡದ್ದೋ ಹೇಳುವಷ್ಟು ವಿದ್ಯೆ ನನಗಿಲ್ಲ.

ಕಡಿಯುವ ಮೊದಲು ಮುಂದಾಳು ಟೊಂಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ, ಎಲ್ಲೋ ಒತ್ತಿಕೊಂಡಿರುತ್ತದೆ, ಎಲ್ಲೋ ಎಳೆದುಕೊಂಡಿರುತ್ತದೆ. ಎರಡೂ ತುದಿಗೆ ಆಸರೆ ಇದ್ದು ನಡುಭಾಗ ಜೋತಿದ್ದರೆ ಮೇಲ್ಮೈಯಲ್ಲಿ ಒತ್ತು, ಕೆಳಮೈಯಲ್ಲಿ ಎಳೆತ. ಮೇಲಿನಿಂದಲೇ ಕೊಯ್ಯುತ್ತಾ ಹೋದರೆ ಅರ್ಧಕ್ಕೆ ಬರುವಷ್ಟರಲ್ಲಿ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಒತ್ತಿರುವ ಕಡೆ ಮೊದಲು ಸ್ವಲ್ಪ ಕೊಯ್ದು, ಬೇಕಾದರೆ ಬೆಣೆ ಹೊಡೆದು, ಆಮೇಲೆ ಕೆಳಗಿನಿಂದ ಮುಗಿಸಬೇಕು. ಒಂದೇ ಕಡೆ ಆಸರೆ ಇದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಲೆಕ್ಕ ತಿರುವುಮುರುವು. ಅಳಿಯ ಇದನ್ನೆಲ್ಲ ಗಣಿತದ ಹುಡುಗನಂತೆ ಕೇಳಿಸಿಕೊಂಡು ಮೊದಲ ಸಲವೇ ಸರಿಯಾಗಿ ಕೊಯ್ದ.

ನಾನು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಮುಂದೆ ವೈನ್ ಮೇಪಲ್ ಸಸಿಯೊಂದು, ಹೆಬ್ಬೆರಳಿನ ಎರಡರಷ್ಟು ದಪ್ಪ, ತುದಿ ಒಂದು ದಿಮ್ಮಿಯ ಅಡಿ ಸಿಕ್ಕಿಕೊಂಡು ಬಿಲ್ಲಿನಂತೆ ಬಾಗಿತ್ತು. ಇಷ್ಟಕ್ಕೆ ಯಾರನ್ನು ಕೇಳುವುದು? ಅಳಿಯನ ಗರಗಸ ಇಸಿದುಕೊಂಡು ಬಿಲ್ಲಿನ ಬೆನ್ನಿಗೆ ಎರಡು ಸಲ ಎಳೆದೆ. ಮೂರನೆಯದಕ್ಕೆ ನಾನು ಕೈ ಎತ್ತುವ ಮೊದಲೇ ಅದು ಸಿಡಿಯಿತು. ಮೊಣಕಾಲ ಕೆಳಗೆ ಬೆತ್ತದ ಏಟು ಬಿದ್ದಂತಾಗಿ ಕೂತುಬಿಟ್ಟೆ. ಮುಂದಾಳು ಬಂದು, ಮೂಳೆ ನೆಟ್ಟಗಿದೆಯೆಂದು ಒತ್ತಿ ನೋಡಿ, ಬೈಯದೆ, ಇನ್ನೊಂದು ಬಾಗಿದ ಸಸಿಯ ಹತ್ತಿರ ಕರೆದುಕೊಂಡು ಹೋದಳು. ಬಿಲ್ಲಿನ ಒಳಮೈಯನ್ನು ಚಾಕುವಿನಿಂದ ಸ್ವಲ್ಪಸ್ವಲ್ಪವೇ ಹೆರೆದಳು. ಹೆರೆದಷ್ಟೂ ಸಸಿ ಉಸಿರು ಬಿಟ್ಟಂತೆ ಮೆತ್ತಗಾಯಿತು. ಕೊನೆಗೆ ಕತ್ತರಿಸಿದಾಗ ಸದ್ದೇ ಇಲ್ಲ.

"ಮಾವ, ಫೋಟೋ ತೆಗೆದಿದೀನಿ" ಎಂದ ಅಳಿಯ.

ಇಷ್ಟಾದ ಮೇಲೆ ನನ್ನನ್ನು ನೀರು ಬಿಡಿಸುವ ಕೆಲಸಕ್ಕೆ ಹಾಕಿದರು. ಅದು ನನಗೆ ಬರುವ ಕೆಲಸ. ದಾರಿಯ ಮೇಲಿನ ನೀರು ಕಣಿವೆಯ ಕಡೆ ಹೋಗಲೆಂದು ಅಲ್ಲಲ್ಲಿ ಓರೆಯಾಗಿ ತೋಡಿದ ಕಿರುಗಾಲುವೆಗಳಿವೆ, ನಮ್ಮ ತೋಟದ ಬಸಿಗಾಲುವೆಯ ಮಕ್ಕಳು. ಬಿದ್ದ ರೆಂಬೆ, ದರಕು, ಪಾಚಿ ಎಲ್ಲ ಸೇರಿ ಇವುಗಳ ಬಾಯಿ ಮುಚ್ಚಿತ್ತು. ನೀರು ದಾರಿಯನ್ನೇ ತೊರೆ ಮಾಡಿಕೊಂಡು ಉದ್ದಕ್ಕೂ ಕೊರೆಯುತ್ತಿತ್ತು. ಪುಲಾಸ್ಕಿಯ ಗುದ್ದಲಿ ಬದಿಯಿಂದ ಎಳೆದರೆ ಒಂದೇ ಸಲಕ್ಕೆ ಬಾಯಿ ತೆರೆದು, ಕಂದು ನೀರು ಗಳಗಳ ಇಳಿಯುತ್ತದೆ. ಮರಕ್ಕೆ ಗರಗಸ ಹಾಕುವವರ ಸುತ್ತ ಜನ ನಿಲ್ಲುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ. ಆದರೆ ಅಡ್ಡ ಬಿದ್ದ ಮರವನ್ನು ದಾಟಿಯಾದರೂ ಹೋಗಬಹುದು, ಕೊಚ್ಚಿಹೋದ ದಾರಿಯನ್ನು ಹೊಸದಾಗಿ ಕಡಿಯಬೇಕು. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಡಿದ ಕೊಂಬೆಗಳನ್ನು ಏನು ಮಾಡುತ್ತಾರೆ? ಇಲ್ಲಿಯೇ ನನಗೆ ಕಷ್ಟವಾದದ್ದು. ದಾರಿಯ ಇಳಿಜಾರಿನ ಕಡೆಗೆ, ಬುಡ ಮುಂದಾಗಿ ಎಸೆಯುತ್ತಾರೆ. ಕೊಯ್ದ ಬಿಳಿ ಮುಖ ನಡೆಯುವವರ ಕಣ್ಣಿಗೆ ಬೀಳಬಾರದು. ರಾಶಿ ಹಾಕಬಾರದು. ತೊರೆಗೆ ಎಸೆಯಬಾರದು, ಏಕೆಂದರೆ ಕೆಳಗೆ ತೊರೆ ಕಾಡು ಮುಗಿಸಿ ಕೊಳವೆಯೊಳಗೆ ಇಳಿಯುವಲ್ಲಿ ಕಸ ತಡೆಯುವ ತಡಿಕೆ ಇದೆ, ಅದು ಆಗಲೇ ತುಂಬಿದೆ. ದಾರಿಗೆ ಬೇಕಾದದ್ದು ಒಬ್ಬ ಮನುಷ್ಯ ಕೈ ಚಾಚಿದಷ್ಟು ಅಗಲ, ಕೈ ಎತ್ತಿದಷ್ಟು ಎತ್ತರ. ಅದರಾಚೆ ಬಿದ್ದದ್ದು ಬಿದ್ದಲ್ಲೇ ಇರಬೇಕು. ಮನೆಗೆ ಒಂದು ಕಡ್ಡಿಯನ್ನೂ ಒಯ್ಯುವಂತಿಲ್ಲ.

ಸೊಪ್ಪಿನಬೆಟ್ಟದಲ್ಲಿ ಬೆಳೆದ ಕೈಗೆ ಇದು ಶಿಕ್ಷೆ. ನಮ್ಮಲ್ಲಿ ಗಾಳಿ ಹೊಡೆದ ಮಾರನೆಯ ಬೆಳಿಗ್ಗೆ ಕಾಡಿನಲ್ಲಿ ಒಂದು ಪುಳ್ಳೆ ಉಳಿಯುತ್ತಿರಲಿಲ್ಲ. ಸೊಪ್ಪು ಕೊಟ್ಟಿಗೆಗೆ, ದರಕು ಗೊಬ್ಬರಕ್ಕೆ, ದಪ್ಪ ಸೌದೆ ಬಚ್ಚಲೊಲೆಗೆ, ಸಣ್ಣದು ಅಡಿಗೆ ಒಲೆಗೆ. ಅಮ್ಮ ನಡೆದ ದಾರಿ ತಾನಾಗಿ ಗುಡಿಸಿದಂತಿರುತ್ತಿತ್ತು. ಇಲ್ಲಿ ನಾನು ಒಂದೊಂದು ಒಣಕೊಂಬೆ ಎಸೆಯುವಾಗಲೂ ಅದು ಎಷ್ಟು ಹೊತ್ತು ಉರಿದೀತೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಮುಂದಾಳನ್ನು ಕೇಳಿಯೇಬಿಟ್ಟೆ: ಬೇಸಿಗೆಯಲ್ಲಿ ಇದೇ ಬೆಂಕಿಗೆ ಮೇವಾಗುವುದಿಲ್ಲವೇ? ಆಗಬಹುದು ಎಂದಳು. 1951ರಲ್ಲಿ ಈ ಪಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತ್ತು. ಕಾಡಿನ ಉದ್ದಕ್ಕೂ ಫೈರ್‌ಲೇನ್‌ಗಳಿವೆ, ನಮ್ಮ ಅರಣ್ಯ ಇಲಾಖೆಯ ಫೈರ್‌ಲೈನ್ ತರಹವೇ. ಆ ಭಯ ಸುಳ್ಳಲ್ಲ, ಎಂದು ಹೇಳಿ, ಪಕ್ಕದ ಒಂದು ಹಳೆಯ ದಿಮ್ಮಿಯ ಕಡೆ ಕೈ ತೋರಿಸಿದಳು. ಎಂದೋ ಉರುಳಿದ ಡಗ್ಲಸ್ ಫರ್ ಅದು. ಕೈಯಿಟ್ಟರೆ ಕೊಬ್ಬರಿ ಹಿಂಡಿಯಂತೆ ಪುಡಿಯಾಗುತ್ತದೆ. ಅದರ ಬೆನ್ನ ಮೇಲೆ ಸಾಲಾಗಿ ಹೆಮ್ಲಾಕ್ ಮರಿಗಳು, ಬಸ್ಸಿಗೆ ಕಾದು ನಿಂತ ಶಾಲೆ ಮಕ್ಕಳ ಹಾಗೆ. ಹೆಮ್ಲಾಕ್‌ಗೆ ಬರಿ ನೆಲಕ್ಕಿಂತ ಕೊಳೆತ ದಿಮ್ಮಿಯ ಮೇಲೆ ಹುಟ್ಟುವುದೇ ಹೆಚ್ಚು ಇಷ್ಟ.

ಮರಕ್ಕಂಟಿ ಅರ್ಧ ಮುರಿದ ಕೊಂಬೆಗಳನ್ನು ಕೊಯ್ಯುವುದಕ್ಕೂ ಕ್ರಮವಿದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯಂತೆ ಒಂದು ಉಬ್ಬು ಇರುತ್ತದೆ, ಅದನ್ನು ಬಿಟ್ಟು ಹೊರಗೆ ಕೊಯ್ಯಬೇಕು. ಅಲೆಕ್ಸ್ ಶೈಗೋ ಎಂಬ ಅರಣ್ಯ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ, ಆ ಗೋಡೆಯ ಸಾಮಾನು ಇರುವುದು ಈ ಉಬ್ಬಿನಲ್ಲಿ ಎಂದು ತೋರಿಸಿದ. ಚೆಂದ ಕಾಣಲೆಂದು ಕಾಂಡಕ್ಕೆ ಸವರಿ ಕಡಿಯುತ್ತಿದ್ದ ನನ್ನ ಹಳೆಯ ಪಾಪಗಳು, ಒಂದು ಕಸಿ ಮಾವಿನ ಮರವೂ ಸೇರಿ, ಸಾಲಾಗಿ ನೆನಪಾದವು.

ಕೆಂಪು ಆಲ್ಡರ್ ಮರಗಳೇ ಹೆಚ್ಚು ಮುರಿದಿದ್ದವು. ಬೇಗ ಬೆಳೆಯುವ, ಬೇಗ ಮುರಿಯುವ ಜಾತಿ. ಕೊಯ್ದ ಕೂಡಲೇ ಮುಖ ಬೆಳ್ಳಗಿರುತ್ತದೆ. ನೋಡನೋಡುತ್ತಿದ್ದಂತೆ ಅಂಚಿನಿಂದ ಕಿತ್ತಳೆ ಬಣ್ಣ ಹಬ್ಬಿ, ಸ್ವಲ್ಪ ಹೊತ್ತಿಗೆ ಅಡಿಕೆಯ ಚೊಗರು ಮೆತ್ತಿದಂತಾಗುತ್ತದೆ. ನಾನು ನನ್ನ ಕೈಗವಸು ನೋಡಿಕೊಂಡೆ, ಬೆರಳ ತುದಿ ಕೆಂಪಾಗಿದೆಯೇ ಎಂದು. ಅಡಿಕೆ ಸುಲಿಯುವ ಕಾಲದಲ್ಲಿ ಊರಿನ ಎಲ್ಲರ ಕೈಯೂ ಹಾಗೇ ಇರುತ್ತದೆ. ಇತ್ತ ಡಗ್ಲಸ್ ಫರ್‌ನ ಎಳೆ ಕೊಂಬೆ ಕಡಿದರೆ ಹೇರಳೆಕಾಯಿ ಸಿಪ್ಪೆ ಚಿವುಟಿದ ವಾಸನೆ. ದಾರಿ ಬದಿಯಲ್ಲಿ ಆಗಲೇ ಚಿಗುರಿದ್ದ ಓಸೋಬೆರಿ ಗಿಡದ ಎಲೆ ಉಜ್ಜಿದರೆ ಸೌತೆಕಾಯಿಯ ವಾಸನೆ. ಅಷ್ಟು ಮುರಿದು ಬಿದ್ದದ್ದರ ನಡುವೆ ಒಂದು ಅಡಿಗೆಮನೆಯ ಪರಿಮಳವೇ ಇತ್ತು.

ಐವಿ ಬಳ್ಳಿ ಸುತ್ತಿದ ಮರಗಳ ಪಾಡು ಬೇರೆ. ಯುರೋಪಿನಿಂದ ಅಂಗಳದ ಚೆಂದಕ್ಕೆ ತಂದದ್ದು, ಕಾಡಿಗೆ ನುಗ್ಗಿ ನಮ್ಮ ಲಂಟಾನದ ಕಥೆಯೇ ಆಗಿದೆ. ಚಳಿಗಾಲದಲ್ಲೂ ಎಲೆ ಉದುರಿಸದ ಬಳ್ಳಿ ಮರದ ನೆತ್ತಿಗೆ ಹತ್ತಿ, ಹಿಮಕ್ಕೆ ಸಾವಿರಾರು ತಟ್ಟೆ ಒಡ್ಡುತ್ತದೆ.

ಮೇಲೇರಿ ಸ್ಟೋನ್ ಹೌಸ್ ತಲುಪಿದೆವು. ಚಾವಣಿ ಇಲ್ಲದ ಕಲ್ಲಿನ ಗೋಡೆ, ಮೆಟ್ಟಿಲು, ಮೈತುಂಬ ಪಾಚಿ ಮತ್ತು ಪೇಂಟಿನ ಗೀಚು. ಮಕ್ಕಳು ಮಾಟಗಾತಿಯ ಕೋಟೆ ಎನ್ನುತ್ತಾರೆ. ಅಸಲಿಗೆ 1930ರ ದಶಕದಲ್ಲಿ ನಡೆಯುವವರಿಗೆಂದು ಕಟ್ಟಿದ ಶೌಚಾಲಯ! 1962ರ ಅಕ್ಟೋಬರ್ 12ರ ಮಹಾ ಬಿರುಗಾಳಿಯಲ್ಲಿ ನೀರಿನ ಕೊಳವೆ ಹಾಳಾಗಿ ಹಾಗೇ ಬಿಟ್ಟರು. ಅದರ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು.

ಇಲ್ಲಿಂದ ವೈಲ್ಡ್‌ವುಡ್ ದಾರಿ. ಮರಗಳಿಗೆ ನೀಲಿ ವಜ್ರಾಕಾರದ ಗುರುತು, ಕಾಲು ಕಾಲು ಮೈಲಿಗೆ ಅಂಕಿ. ಸ್ವಲ್ಪ ದೂರದಲ್ಲಿ ಒಂದು ಹೆಮ್ಲಾಕ್ ಬುಡಸಮೇತ ಮಗುಚಿ ದಾರಿಗೆ ಅಡ್ಡ ಬಿದ್ದಿತ್ತು. ಕಿತ್ತ ಬೇರಿನ ಚಕ್ಕೆ ಆಳೆತ್ತರಕ್ಕೆ ಗೋಡೆಯಂತೆ ಎದ್ದು ನಿಂತಿದೆ, ಅಂಚಿನಲ್ಲಿ ಒಂದು ಸ್ವೋರ್ಡ್ ಫರ್ನ್ ಜರಿಗಿಡ ಅಡ್ಡಡ್ಡ ಜೋತಿದೆ, ಹಿಂದೆ ಬಾಯಿ ತೆರೆದ ಗುಂಡಿ. ಯಂತ್ರಗರಗಸದ ಇಬ್ಬರು ಮುಂದೆ ಬಂದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಗುಂಡಿಯ ಕಡೆ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿದರು. ಒಬ್ಬ ಕೊಯ್ದ, ಇನ್ನೊಬ್ಬ ಮರದ ನೆತ್ತಿಯ ಮೇಲೆ ಕಣ್ಣಿಟ್ಟು ನಿಂತ. ಕೊಯ್ತ ಮುಗಿಯುವಾಗ ಗರಗಸದ ಸದ್ದು ನಿಂತಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾಂಡದ ಭಾರ ಕಳೆದುಕೊಂಡ ಬುಡ, ನಿದ್ದೆಯಿಂದ ಎದ್ದವರ ಹಾಗೆ ನಿಧಾನ ಮೇಲೆದ್ದು, ಕೊನೆಗೆ ದಡಕ್ಕನೆ ಗುಂಡಿಯೊಳಗೆ ಕೂತಿತು. ಕಾಲಡಿಯ ನೆಲ ಅದುರಿತು. ನೋಡಿದರೆ, ಬೇರಿಲ್ಲ, ಗುಂಡಿಯಿಲ್ಲ. ಆಳೆತ್ತರದ ಮೋಟು ನೆಟ್ಟಗೆ ನಿಂತಿದೆ, ಜರಿಗಿಡ ಮತ್ತೆ ಆಕಾಶ ನೋಡುತ್ತಿದೆ. ಗುಂಡಿಯೊಳಗೆ ಯಾರಾದರೂ ನಿಂತಿದ್ದರೆ ಹುಡುಕಲು ಅಗೆಯಬೇಕಾಗುತ್ತಿತ್ತು.

ಮೂರು ಗಂಟೆಗೆ ಮುಂದಾಳು ಸಾಕು ಎಂದಳು. ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ಬಿಡಿಸಿದ್ದೆವು. ಮುಂದಿನ ತಿರುವಿನಲ್ಲಿ, ನನ್ನ ಎದೆಯೆತ್ತರದ ಡಗ್ಲಸ್ ಫರ್ ಒಂದು ಮಲಗಿತ್ತು. ಅದಕ್ಕೆ ಕಿತ್ತಳೆ ರಿಬ್ಬನ್ ಕಟ್ಟಿ ಬೇರೆ ತಂಡಕ್ಕೆ ಬಿಟ್ಟೆವು.

ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ಕೋಟು ಬಿಚ್ಚಿ ಜೇಬು ಬರಿದು ಮಾಡಿದೆ. ಎರಡೂ ಜೇಬಿನಲ್ಲಿ ಪುಳ್ಳೆ. ಗೇಣುದ್ದಕ್ಕೆ ಮುರಿದು, ದಪ್ಪದ್ದು ಒಂದು ಕಡೆ, ಸಪೂರದ್ದು ಒಂದು ಕಡೆ, ಒಲೆ ಹೊತ್ತಿಸಲು ಬೇಕಾದಂತೆಯೇ ಜೋಡಿಸಿಟ್ಟಿವೆ. ಯಾವಾಗ ಆಯ್ದೆನೋ ನನಗೇ ಗೊತ್ತಿಲ್ಲ.

ಅಳಿಯ ಬಂದು ನೋಡಿದ. "ಇದೇನ್ ಮಾವ, ಒಂದು ಕಡ್ಡೀನೂ ತರಬಾರದು ಅಂದಿದ್ರಲ್ಲ."

"ಎಲ್ಲಿಡಲೋ ಇದನ್ನ?"

ಅವನ ಮನೆಯಲ್ಲಿ ಅಡಿಗೆ ಕರೆಂಟಿನದು. ಹಜಾರದ ಬೆಂಕಿಗೂಡಿಗೆ ಗೋಡೆಯ ಮೇಲೆ ಸ್ವಿಚ್ಚು ಇದೆ.